ಕೆರೆ ದಂಡೆಗೆ ಹೈಮಾಸ್ಟ್ ಬೇಡ ಅಂದರೆ, ಬದಲಿಗೆ ಯಾವ ದೀಪ ಕೇಳಬೇಕು?

ಕೆರೆಯಂಗಳ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಅಂಚಿನ ಒಂದು ಕೆರೆ ಪಕ್ಕ ನಮ್ಮ ಬಡಾವಣೆ. ಕೆರೆ ಸುತ್ತ ಮುಕ್ಕಾಲು ಕಿಲೋಮೀಟರ್ ವಾಕಿಂಗ್ ದಾರಿ ಇದೆ. ನಡುವೆ ಸಣ್ಣದೊಂದು ನಡುಗಡ್ಡೆ, ಅದರ ತುಂಬ ಜಾಲಿ ಮರ. ಸಂಜೆ ಆರರ ಹೊತ್ತಿಗೆ ನೀರುಕಾಗೆ, ಬೆಳ್ಳಕ್ಕಿಗಳು ಗುಂಪು ಗುಂಪಾಗಿ ಬಂದು ಅಲ್ಲಿ ಕೂರುತ್ತವೆ. ಅವು ಜಾಗ ಹಿಡಿಯುವ ಹೊತ್ತಿಗೇ ರಾತ್ರಿ ಬಕಗಳು ಅದೇ ಮರಗಳಿಂದ ಎದ್ದು, ಕ್ವಾಕ್ ಅಂತ ಕೂಗುತ್ತಾ ಬೇಟೆಗೆ ಹೊರಡುತ್ತವೆ. ಒಂದೇ ಮರದಲ್ಲಿ ಎರಡು ಪಾಳಿ.

ಈಗ ಕೆರೆಯ 'ಸೌಂದರ್ಯೀಕರಣ' ಶುರುವಾಗಿದೆ. ನಾಲ್ಕು ಮೂಲೆಗೆ ನಾಲ್ಕು ಬಲು ಎತ್ತರದ ಹೈಮಾಸ್ಟ್ ಕಂಬ, ಎಲ್ಲವೂ ಬಿಳಿ ದೀಪ. ಸಾಲದ್ದಕ್ಕೆ ನಡುಗಡ್ಡೆಯ ಮರಗಳ ಮೇಲೆ ಬಣ್ಣ ಬದಲಾಗುವ ಫೋಕಸ್ ಲೈಟ್. ಭಾನುವಾರ ಸಂಘದ ಸಭೆ ಇದೆ. 'ಹಕ್ಕಿಗೆ ಬೆಳಕಿದ್ದರೆ ಒಳ್ಳೇದೇ ಅಲ್ವಾ' ಅಂತ ಕೇಳುವವರೇ ಜಾಸ್ತಿ.

ಸುಮ್ನೆ 'ಬೇಡ' ಅಂದರೆ ಯಾರೂ ಕೇಳುವುದಿಲ್ಲ. ಯಾಕೆ ಬೇಡ, ಬದಲಿಗೆ ಏನು ಬೇಕು ಅಂತ ಎರಡನ್ನೂ ಹೇಳಬೇಕು. ತಿಳಿದವರು ದಯವಿಟ್ಟು ಬರೆಯಿರಿ.

ಸಂಜೆ ವಾಕ್

ಮೊದಲೇ ನನ್ನ ಮಾತು ಹೇಳಿಬಿಡುತ್ತೇನೆ. ನಾನು ಕೆಲಸ ಮುಗಿಸಿ ಬಂದು ಏಳೂವರೆಗೆ ವಾಕಿಂಗ್ ಹೋಗುವವಳು. ನಮ್ಮ ಕಡೆಯ ಕೆರೆಯಲ್ಲಿ ತೂಬಿನ ಹತ್ತಿರ ನೂರು ಮೀಟರ್ ಕಗ್ಗತ್ತಲು. ಅಲ್ಲಿ ನಡೆಯುವಾಗ ಹಿಂದಿನಿಂದ ಯಾರಾದರೂ ಬಂದರೆ ಎದೆ ಝಲ್ಲೆನ್ನುತ್ತೆ. ಹಕ್ಕಿ ಬಗ್ಗೆ ನನಗೂ ಪ್ರೀತಿ ಇದೆ. ಆದರೆ ಹಕ್ಕಿಗೋಸ್ಕರ ಹೆಂಗಸರು ಸಂಜೆ ಮನೆಯಲ್ಲೇ ಇರಲಿ ಅನ್ನುವ ಕಡೆಗೆ ಮಾತು ಹೋಗಬಾರದು.

ಹಕ್ಕಿ ಡೈರಿ

ಹೋಗಬಾರದು ಮೇಡಂ, ಹೋಗಬೇಕಾಗಿಯೂ ಇಲ್ಲ. ನಿಮಗೆ ಬೇಕಿರುವುದು ದಾರಿಯ ಮೇಲೆ ಬೆಳಕು. ಹೈಮಾಸ್ಟ್ ಬೆಳಕಿನ ದೊಡ್ಡ ಪಾಲು ನೀರಿನ ಮೇಲೆ, ಮರದ ಮೇಲೆ, ಆಚೆ ಮನೆಗಳ ಕಿಟಕಿಯ ಮೇಲೆ ಬೀಳುತ್ತೆ. ಅಸಲಿ ಜಗಳ ಅದರ ಮೇಲೆ.

'ಯಾಕೆ ಬೇಡ' ಅನ್ನುವುದಕ್ಕೆ ನವರಂಗ ಹಕ್ಕಿಯಿಂದ ಶುರು ಮಾಡಿ. ಇದು ಹಿಮಾಲಯದ ತಪ್ಪಲಲ್ಲಿ, ಮಧ್ಯ ಭಾರತದಲ್ಲಿ, ಪಶ್ಚಿಮ ಘಟ್ಟದ ಕೆಲವು ಕಡೆ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣ ಭಾರತಕ್ಕೂ ಶ್ರೀಲಂಕಾಕ್ಕೂ ಬರುತ್ತದೆ. ಹಾರುವುದು ರಾತ್ರಿ ಹೊತ್ತು. ಅಕ್ಟೋಬರ್ ಬಂತೆಂದರೆ ಬೆಂಗಳೂರಿನ ಹಕ್ಕಿ ಗುಂಪುಗಳಲ್ಲಿ ಒಂದೇ ಥರದ ಫೋಟೋ: ಯಾರದೋ ಬಾಲ್ಕನಿಯಲ್ಲಿ, ಮೆಟ್ಟಿಲ ಮೂಲೆಯಲ್ಲಿ, ಕಾರಿನ ಕೆಳಗೆ ಮುದುಡಿ ಕೂತ ಹಸಿರು ಬೆನ್ನಿನ ಗಿಡ್ಡ ಬಾಲದ ಹಕ್ಕಿ. ಬೆಳಕಿಗೆ ದಿಕ್ಕು ತಪ್ಪಿ ಕೆಳಗಿಳಿದಿರುತ್ತದೆ, ಇಲ್ಲವೇ ಗಾಜಿಗೆ ಬಡಿದಿರುತ್ತದೆ.

ಹಗಲು ಹಾರುವ ಹದ್ದು, ಗಿಡುಗಗಳಿಗೆ ಈ ಕಷ್ಟ ಕಡಿಮೆ. ಸಣ್ಣ ಹಕ್ಕಿಗಳಲ್ಲಿ ಬಹಳಷ್ಟು ರಾತ್ರಿಯೇ ವಲಸೆ ಹೋಗುತ್ತವೆ. ರಾತ್ರಿ ಗಾಳಿ ಶಾಂತ, ತಂಪು, ಬೇಟೆಯ ಹಕ್ಕಿಗಳ ಕಾಟವೂ ಇಲ್ಲ. ನಕ್ಷತ್ರ ಮತ್ತು ಭೂಮಿಯ ಕಾಂತಕ್ಷೇತ್ರ ನೋಡಿ ದಾರಿ ಹಿಡಿಯುತ್ತವೆ. ಮೋಡ, ಮಂಜು ಕವಿದ ರಾತ್ರಿ ಅವು ಕೆಳಗೆ ಹಾರುತ್ತವೆ. ಆಗ ದೊಡ್ಡ ಬೆಳಕು ಸಿಕ್ಕರೆ ಅದರ ಸುತ್ತಲೇ ಸುತ್ತಿ ಸುತ್ತಿ ಸುಸ್ತಾಗುತ್ತವೆ.

ಅಸ್ಸಾಮಿನ ಜತಿಂಗಾ ಹೆಸರು ಕೇಳಿರುತ್ತೀರಿ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ, ಚಂದ್ರ ಇಲ್ಲದ ಮಂಜಿನ ರಾತ್ರಿಗಳಲ್ಲಿ, ಊರಿನ ದೀಪಕ್ಕೆ ಹಕ್ಕಿಗಳು ಬಂದು ಬೀಳುತ್ತವೆ. 'ಹಕ್ಕಿಗಳ ಆತ್ಮಹತ್ಯೆ' ಅಂತ ಪತ್ರಿಕೆಗಳು ಬರೆದವು. ಅವು ಸಾಯಲು ಬಂದದ್ದಲ್ಲ. ಬೆಳಕಿಗೆ ಮಂಕಾಗಿ ಇಳಿದವನ್ನು ಜನ ಬಿದಿರು ಕೋಲಿನಿಂದ ಹೊಡೆದು ಕೊಲ್ಲುತ್ತಿದ್ದರು. ಸಲೀಂ ಅಲಿಯಂಥ ಪಕ್ಷಿತಜ್ಞರು ಅಲ್ಲಿಗೆ ಹೋಗಿ ನೋಡಿದ ಮೇಲೆ, ಊರಿನವರೊಂದಿಗೆ ಕೆಲಸ ನಡೆದು, ಕೊಲ್ಲುವುದು ಎಷ್ಟೋ ಕಡಿಮೆಯಾಗಿದೆ. ಅಲ್ಲಿ ಇಳಿಯುವವು ಹೆಚ್ಚಾಗಿ ಸುತ್ತಲಿನ ಹಕ್ಕಿಗಳೇ, ದೂರದ ವಲಸೆಯವು ಕಡಿಮೆ. ಅಂದರೆ 'ನಮ್ಮ ಕೆರೆಯಲ್ಲಿ ವಲಸೆ ಹಕ್ಕಿ ಇಲ್ಲ, ಹಾಗಾಗಿ ತೊಂದರೆ ಇಲ್ಲ' ಅನ್ನುವ ಮಾತೂ ನಿಲ್ಲುವುದಿಲ್ಲ.

ಮೂರನೇ ಮಹಡಿ

ಹೀಗೆ ಬಿದ್ದ ಹಕ್ಕಿ ಸಿಕ್ಕರೆ ಏನು ಮಾಡಬೇಕು ಸರ್? ಹೋದ ವರ್ಷ ನಮ್ಮ ವಾಚ್‌ಮನ್ ಬಾಯಿಗೆ ನೀರು ಹಾಕಲು ಹೋಗಿದ್ದರು.

ಹಕ್ಕಿ ಡೈರಿ

ಬಾಯಿಗೆ ನೀರು ಹಾಕಬೇಡಿ, ಶ್ವಾಸಕ್ಕೆ ಹೋಗುತ್ತೆ. ರಟ್ಟಿನ ಡಬ್ಬಕ್ಕೆ ತೂತು ಮಾಡಿ, ಒಳಗೆ ಬಟ್ಟೆ ಹಾಸಿ, ಹಕ್ಕಿಯನ್ನು ಇಟ್ಟು ಮುಚ್ಚಿ. ಕತ್ತಲೆ, ಸದ್ದಿಲ್ಲದ ಜಾಗ ಸಾಕು. ಬೆಕ್ಕು ಹತ್ತಿರ ಸುಳಿಯಬಾರದು. ಪದೇ ಪದೇ ತೆಗೆದು ನೋಡಬೇಡಿ, ಫೋಟೋನೂ ಬೇಡ. ಬೆಳಗಿನ ಜಾವ ಮರ ಪೊದೆ ಇರುವ ಕಡೆ ಡಬ್ಬ ತೆರೆದಿಡಿ. ಹಾರದಿದ್ದರೆ, ರೆಕ್ಕೆ ಜೋತುಬಿದ್ದಿದ್ದರೆ ವನ್ಯಜೀವಿ ರಕ್ಷಣೆಯವರಿಗೆ ಫೋನ್ ಮಾಡಿ.

ಮಿಷಿಗನ್ ದಂಡೆ

ನಾನು ಶಿಕಾಗೋದಲ್ಲಿರುವ ಕನ್ನಡಿಗ. ಇಲ್ಲಿ ಆದದ್ದನ್ನು ನಿಮ್ಮ ಸಭೆಯಲ್ಲಿ ಖಂಡಿತ ಹೇಳಿ.

ಸರೋವರದ ಪಕ್ಕ ಮೆಕಾರ್ಮಿಕ್ ಪ್ಲೇಸ್ ಅಂತ ಸಮಾವೇಶ ಕೇಂದ್ರ ಇದೆ. ಉದ್ದಕ್ಕೂ ಗಾಜಿನ ಗೋಡೆ. 2023ರ ಅಕ್ಟೋಬರ್ 5ರ ಬೆಳಗ್ಗೆ ಆ ಒಂದೇ ಕಟ್ಟಡದ ಸುತ್ತ ಸಾವಿರದ ಹತ್ತಿರ ಹತ್ತಿರ ಸತ್ತ ಹಕ್ಕಿಗಳು ಸಿಕ್ಕವು. ಒಂದೇ ರಾತ್ರಿಯಲ್ಲಿ! ಹೆಚ್ಚಿನವು ಮುಷ್ಟಿಯಲ್ಲಿ ಹಿಡಿಯುವಷ್ಟು ಸಣ್ಣ ಉಲಿಯಕ್ಕಿಗಳು. ಕೆನಡಾದಿಂದ ದಕ್ಷಿಣಕ್ಕೆ ಹೊರಟಿದ್ದವು.

ಇಲ್ಲಿನ ಫೀಲ್ಡ್ ಮ್ಯೂಸಿಯಂನ ಡೇವಿಡ್ ವಿಲ್ಲರ್ಡ್ 1978ರಿಂದ ಆ ಕಟ್ಟಡದ ಕೆಳಗೆ ಬಿದ್ದ ಹಕ್ಕಿಗಳನ್ನು ಎತ್ತಿ ದಾಖಲಿಸುತ್ತಾ ಬಂದವರು. ಸಹೋದ್ಯೋಗಿಗಳೂ ಸೇರಿ ಕೂಡಿಸಿದ ಲೆಕ್ಕ 40,000 ದಾಟಿದೆ. ಯಾವ ರಾತ್ರಿ ಯಾವ ಕಿಟಕಿ ಬೆಳಗುತ್ತಿತ್ತು ಅಂತಲೂ ಬರೆದಿಟ್ಟರು. ಆ ದಾಖಲೆಯ ಮೇಲೆ 2021ರಲ್ಲಿ ಅಧ್ಯಯನ ಬಂತು. ಬೆಳಗುವ ಕಿಟಕಿಗಳ ಜಾಗವನ್ನು ಅರ್ಧಕ್ಕೆ ಇಳಿಸಿದರೆ ಡಿಕ್ಕಿಗಳು ಸುಮಾರು ಶೇ 60ರಷ್ಟು ಇಳಿಯುತ್ತವೆ ಅಂತ ಅದರ ಲೆಕ್ಕ.

2023ರ ಆ ರಾತ್ರಿಯ ನಂತರ ಗಲಾಟೆಯಾಯಿತು. 2024ರ ಬೇಸಿಗೆಯಲ್ಲಿ ಗಾಜಿಗೆಲ್ಲ ಚುಕ್ಕಿ ಚುಕ್ಕಿ ಫಿಲ್ಮ್ ಅಂಟಿಸಿದರು. ಆ ಶರತ್ಕಾಲದಲ್ಲೇ ಸಾವು ಶೇ 95ರಷ್ಟು ಇಳಿಯಿತು. ಚುಕ್ಕಿಗಳು ಒತ್ತೊತ್ತಾಗಿ ಇರುತ್ತವೆ, ನಾವು ದೂರದಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಹಕ್ಕಿಗೆ ಮಾತ್ರ ಅಲ್ಲಿ ದಾರಿ ಇಲ್ಲ ಅಂತ ತಿಳಿಯುತ್ತೆ.

ಇನ್ನೊಂದು ನ್ಯೂಯಾರ್ಕ್‌ನದು. 9/11ರ ನೆನಪಿಗೆ ಪ್ರತಿ ವರ್ಷ ಆಕಾಶಕ್ಕೆ 88 ದೀಪಗಳ ಎರಡು ಬೆಳಕಿನ ಕಂಬ ಬಿಡುತ್ತಾರೆ. ಏಳು ವರ್ಷಗಳ ಏಳು ರಾತ್ರಿಗಳನ್ನು ರಾಡಾರ್‌ನಲ್ಲಿ ನೋಡಿದವರು 11 ಲಕ್ಷ ಹಕ್ಕಿಗಳ ಹಾರಾಟಕ್ಕೆ ತೊಂದರೆಯಾಗಿದೆ ಅಂತ 2017ರಲ್ಲಿ ಬರೆದರು. ದೀಪ ಆರಿಸಿದ ಕೆಲವೇ ನಿಮಿಷದಲ್ಲಿ ಗುಂಪು ಚದುರಿ ತನ್ನ ದಾರಿ ಹಿಡಿಯಿತು. ಬೆಳಕಿನಲ್ಲಿ ಸಾವಿರಕ್ಕಿಂತ ಹೆಚ್ಚು ಹಕ್ಕಿ ಸಿಕ್ಕಿಹಾಕಿಕೊಂಡರೆ 20 ನಿಮಿಷ ಆರಿಸುವ ಪದ್ಧತಿ ಅಲ್ಲಿದೆ. ಅಂಥ ದುಃಖದ ನೆನಪಿನ ದೀಪವನ್ನೇ ಹಕ್ಕಿಗಾಗಿ ಆರಿಸಲು ಒಪ್ಪುತ್ತಾರೆ ಅಂದರೆ, ನಡುಗಡ್ಡೆಯ ಮೇಲಿನ ಬಣ್ಣದ ಫೋಕಸ್ ಯಾವ ಲೆಕ್ಕ?

ದೀಪದ ಕೆಲಸ

ನಾನು ಎಲೆಕ್ಟ್ರಿಕಲ್ ಕಂಟ್ರಾಕ್ಟರ್. ಲೇಔಟ್‌ಗಳಿಗೆ ಬೀದಿದೀಪ ಹಾಕುವುದೇ ನನ್ನ ಕಸುಬು. ಈ ವಿಷಯ ನನಗೆ ತುಂಬಾ ಹತ್ತಿರದ್ದು, ಸ್ವಲ್ಪ ಉದ್ದ ಬರೆಯುತ್ತೇನೆ.

ಹೈಮಾಸ್ಟ್ ಇರುವುದು ದೊಡ್ಡ ಸರ್ಕಲ್‌ಗೆ, ಬಸ್ ನಿಲ್ದಾಣಕ್ಕೆ, ಆಟದ ಮೈದಾನಕ್ಕೆ. ಹನ್ನೆರಡು ಮೀಟರ್ ಮೇಲಿಂದ ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುವುದೇ ಅದರ ಕೆಲಸ. ಎರಡು ಮೀಟರ್ ಅಗಲದ ನಡೆದಾರಿಗೆ ಅದು ಯಾಕೆ ಬೇಕು? ಕಂಬ ನಾಲ್ಕೇ, ಕೇಬಲ್ ಕಡಿಮೆ, ಕೆಲಸ ಬೇಗ ಮುಗಿಯುತ್ತೆ. ಅದಕ್ಕೇ ಎಲ್ಲರೂ ಅದನ್ನೇ ಬರೆಯುತ್ತಾರೆ.

ನೀವು ಕೇಳಬೇಕಾದದ್ದು ಮೂರೂವರೆ, ನಾಲ್ಕು ಮೀಟರ್ ಎತ್ತರದ ಕಂಬ. ಫಿಟ್ಟಿಂಗ್ 'ಫುಲ್ ಕಟ್ಆಫ್' ಇರಬೇಕು. ಅಂದರೆ ಕೆಳಗಿನ ಗಾಜು ಚಪ್ಪಟೆ, ಎಲ್‌ಇಡಿ ಒಳಗೆ ಹುದುಗಿರಬೇಕು, ಒಂದು ಹನಿ ಬೆಳಕೂ ಅಡ್ಡಕ್ಕೆ ಅಥವಾ ಮೇಲಕ್ಕೆ ಹೋಗಬಾರದು. ಪಾರ್ಕುಗಳಲ್ಲಿ ಚೆಂದ ಅಂತ ಹಾಕುವ ಹಾಲುಬಿಳಿ ಗುಂಡು ದೀಪ ಮಾತ್ರ ಬೇಡವೇ ಬೇಡ. ಅದರ ಬೆಳಕಿನಲ್ಲಿ ಅರ್ಧದಷ್ಟು ಆಕಾಶಕ್ಕೇ ಹೋಗುತ್ತೆ.

ಕಂಬ ನೀರಿನ ಅಂಚಿನ ಕಡೆ ನಿಲ್ಲಲಿ, ಬೆಳಕು ಕೆರೆಗೆ ಬೆನ್ನು ಹಾಕಿ ದಾರಿಗೆ ಬೀಳಲಿ. ಬೆನ್ನ ಹಿಂದೆ ಸೋರುವುದನ್ನು ತಡೆಯಲು ಒಂದು ತಗಡಿನ ಮರೆ ಹಾಕಿಸಿ. ಅದಕ್ಕೆ ದೊಡ್ಡ ಖರ್ಚೇನಿಲ್ಲ.

ಬಹಳ ಕಡೆ ಫಿಟ್ಟಿಂಗ್ ಒಳ್ಳೆಯದೇ ಇರುತ್ತೆ, ಕೂರಿಸುವಾಗ ಕೆಡುತ್ತೆ. 'ದೂರದವರೆಗೆ ಹೊಡೀಲಿ' ಅಂತ ತೋಳನ್ನು ಮೇಲಕ್ಕೆ ಎತ್ತಿಬಿಡುತ್ತಾರೆ. ಹತ್ತು ಹದಿನೈದು ಡಿಗ್ರಿ ಎತ್ತಿದರೆ ಸಾಕು, ಕಟ್ಆಫ್ ಅನ್ನುವುದಕ್ಕೆ ಅರ್ಥವೇ ಉಳಿಯುವುದಿಲ್ಲ. ತೋಳು ನೆಲಕ್ಕೆ ಸಮ ಇರಬೇಕು. ಕೂರಿಸುವ ದಿನ ಯಾರಾದರೂ ನಿಂತು ನೋಡಿ.

ಬಣ್ಣ. ಡಬ್ಬದ ಮೇಲೆ ಕೆಲ್ವಿನ್ ಅಂತ ಬರೆದಿರುತ್ತೆ. 6500 ಅಂದರೆ ನೀಲಿ ಮಿಶ್ರಿತ ಬಿಳಿ, 3000 ಅಂದರೆ ಹಳೇ ಬಲ್ಬಿನ ಥರ ಹಳದಿ, 2200 ಅಂದರೆ ಹೆಚ್ಚು ಕಡಿಮೆ ಹಳೇ ಸೋಡಿಯಂ ದೀಪದ ಬಣ್ಣ. ಕೆರೆಗೆ 2200 ಕೇಳಿ, 2700ಕ್ಕಿಂತ ಮೇಲೆ ಒಪ್ಪಬೇಡಿ. 2015ರಲ್ಲಿ ಶುರುವಾದ ಕೇಂದ್ರದ ಬೀದಿದೀಪ ಯೋಜನೆಯಲ್ಲಿ ದೇಶದಾದ್ಯಂತ 1.3 ಕೋಟಿ ದೀಪ ಎಲ್‌ಇಡಿ ಆಗಿದೆ. ಕರೆಂಟ್ ಉಳಿತಾಯ ನಿಜವಾಗಿಯೂ ದೊಡ್ಡದು. ಆದರೆ ಹಳದಿ ಹೋಗಿ ಬಿಳಿ ಬಂದ ಊರುಗಳಲ್ಲಿ ರಾತ್ರಿಗೆ ನೀಲಿ ಬೆಳಕು ಜಾಸ್ತಿಯಾಯಿತು. ಹುಳಗಳನ್ನು ಹೆಚ್ಚು ಸೆಳೆಯುವುದು, ಆಕಾಶದಲ್ಲಿ ಹೆಚ್ಚು ಚದುರುವುದು ಆ ನೀಲಿಯೇ.

ಲೆಕ್ಕವನ್ನೂ ಕೊಟ್ಟುಬಿಡಿ, ಸಂಘದವರು ಅದನ್ನು ಬೇಗ ಕೇಳುತ್ತಾರೆ. ನಾಲ್ಕು ಹೈಮಾಸ್ಟ್, ಒಂದೊಂದಕ್ಕೆ 150 ವಾಟ್‌ನ ಆರು ಫಿಟ್ಟಿಂಗ್ ಅಂತ ಇಟ್ಟುಕೊಂಡರೆ 3600 ವಾಟ್. ರಾತ್ರಿಯಿಡೀ, ಹನ್ನೆರಡು ಗಂಟೆ ಉರಿದರೆ ದಿನಕ್ಕೆ 43 ಯೂನಿಟ್. ಹದಿನೈದು ಮೀಟರ್‌ಗೊಂದರಂತೆ 50 ಸಣ್ಣ ಕಂಬ, 12 ವಾಟ್‌ನವು ಹಾಕಿದರೆ 600 ವಾಟ್. ಜನ ಓಡಾಡುವ ಆರು ಗಂಟೆ ಮಾತ್ರ ಉರಿಸಿದರೆ ನಾಲ್ಕು ಯೂನಿಟ್‌ಗಿಂತ ಕಡಿಮೆ. ಕಂಬ, ಕೇಬಲ್‌ಗೆ ಮೊದಲು ಖರ್ಚು ಜಾಸ್ತಿ ಆಗುತ್ತೆ, ಅದನ್ನು ಮುಚ್ಚಿಡಬೇಡಿ.

ಮೂರನೇ ಮಹಡಿ

ಒಂದು ಅನುಮಾನ. ಉತ್ತರ ಸಮುದ್ರದ ತೈಲ ಬಾವಿಗಳಲ್ಲಿ ಹಕ್ಕಿಗಳಿಗಾಗಿ ಹಸಿರು ದೀಪ ಹಾಕಿದರು, ಕೆಂಪು ಮತ್ತು ಬಿಳಿ ಬೆಳಕೇ ಹಕ್ಕಿಗಳನ್ನು ಹೆಚ್ಚು ಗೊಂದಲ ಮಾಡುವುದು ಅಂತ ಓದಿದ್ದೆ. ನೀವು ಹಳದಿ, ಕಿತ್ತಳೆ ಅಂತೀರಿ. ಯಾವುದು ಸರಿ?

ಹಕ್ಕಿ ಡೈರಿ

ಒಳ್ಳೆ ಪ್ರಶ್ನೆ. ನೀವು ಓದಿದ್ದೂ ನಿಜ. 2008ರಲ್ಲಿ ಬಂದ ಡಚ್ಚರ ಅಧ್ಯಯನ ಅದು. ಮೋಡದ ರಾತ್ರಿ ಹಾರುವ ವಲಸೆ ಹಕ್ಕಿಗಳು ಕೆಂಪು, ಬಿಳಿ ಬೆಳಕಿಗೆ ಹೆಚ್ಚು ದಿಕ್ಕು ತಪ್ಪಿದವು. ಹಸಿರು, ನೀಲಿಗೆ ಕಡಿಮೆ. ಹಕ್ಕಿಯ ಕಣ್ಣಲ್ಲಿರುವ ಕಾಂತ ದಿಕ್ಸೂಚಿಗೆ ಕೆಂಪು ಬೆಳಕಿನಲ್ಲಿ ಅಡ್ಡಿಯಾಗುತ್ತದೆ ಅನ್ನುವುದು ಅದಕ್ಕೆ ಕೊಡುವ ಕಾರಣ. ಆದರೆ ಹುಳಕ್ಕೆ, ಕಡಲಾಮೆಗೆ ನೀಲಿ ಹಸಿರೇ ಕೆಟ್ಟದ್ದು. ಅಂದರೆ ಎಲ್ಲ ಜೀವಕ್ಕೂ ಹೊಂದುವ ಬಣ್ಣ ಅಂತ ಒಂದಿಲ್ಲ.

ಹಾಗಾಗಿ ನಾನು ಬಣ್ಣವನ್ನು ಕೊನೆಗೆ ಇಡುತ್ತೇನೆ. ಮೊದಲು ಬೇಕಿಲ್ಲದ ದೀಪ ತೆಗೆಯುವುದು, ಆಮೇಲೆ ಮೇಲಕ್ಕೆ ಹೋಗದಂತೆ ಮರೆ, ಆಮೇಲೆ ಹೊತ್ತು, ಆಮೇಲೆ ಬಣ್ಣ. ಮೇಲೆ ಹಾರುವ ಹಕ್ಕಿಗೆ ಕಾಣದ ದೀಪ ಯಾವ ಬಣ್ಣದ್ದಾದರೂ ಅದರ ದಾರಿ ತಪ್ಪಿಸುವುದಿಲ್ಲ. ನೀರಂಚಿನ ಹುಳಗಳಿಗೆ ಹಳದಿ ಒಳ್ಳೆಯದು, ಹಾಗಾಗಿ ಕೆಳಮುಖದ ದೀಪಕ್ಕೆ ಹಳದಿ.

ಎತ್ತರದ ಟವರ್‌ಗಳ ಮಾತು ಬೇರೆ. ವಿಮಾನಕ್ಕಾಗಿ ಅಲ್ಲಿ ದೀಪ ಇರಲೇಬೇಕು. ಅಮೆರಿಕದ ಮಿಷಿಗನ್‌ನಲ್ಲಿ ನಡೆದ ಅಧ್ಯಯನದಲ್ಲಿ (2009), ಒಂದೇ ಸಮನೆ ಉರಿಯುವ ಕೆಂಪು ದೀಪ ತೆಗೆದು ಮಿನುಗುವವನ್ನು ಮಾತ್ರ ಉಳಿಸಿದರೆ ಹಕ್ಕಿಗಳ ಸಾವು ಶೇ 50ರಿಂದ 70ರಷ್ಟು ಕಡಿಮೆಯಾಗಬಹುದು ಅಂತ ಕಂಡಿತು. ಆಮೇಲೆ ಅಲ್ಲಿನ ವಿಮಾನಯಾನ ಇಲಾಖೆ ತನ್ನ ನಿಯಮವನ್ನೇ ಬದಲಿಸಿತು. ಒಂದು ದೀಪ ಕಮ್ಮಿ, ಒಂದು ಸ್ವಿಚ್ ಬದಲು. ಅಷ್ಟರಿಂದ ಎಷ್ಟು ಜೀವ ಉಳಿಯಿತು ನೋಡಿ.

ಹೊನ್ನಾವರದಾತ

ಕಡಲಾಮೆ ಅಂದ್ರಲ್ಲ, ನಮ್ಮೂರ ಸುದ್ದಿ ಅದು. ಕಾಸರಕೋಡು ಟೊಂಕದಲ್ಲಿ, ಕಾರವಾರದ ದೇವಬಾಗದಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡುತ್ತವೆ. ಗೂಡು ಕಂಡರೆ ಮೀನುಗಾರರು ಅರಣ್ಯ ಇಲಾಖೆಗೆ ತಿಳಿಸುತ್ತಾರೆ, ಅವರು ಬಂದು ಸುತ್ತ ಬಲೆ ಕಟ್ಟುತ್ತಾರೆ. 45ರಿಂದ 60 ದಿನಕ್ಕೆ ಮರಿ ಹೊರಬರುತ್ತೆ, ಹೆಚ್ಚಾಗಿ ರಾತ್ರಿ.

ಮರಿ ಅಂಗೈಗಿಂತ ಚಿಕ್ಕದು. ಮರಳಿಂದ ಎದ್ದು ಒಂದು ಗಳಿಗೆ ತಲೆ ಎತ್ತಿ ನಿಲ್ಲುತ್ತೆ. ತಗ್ಗಿನಲ್ಲಿ ಯಾವ ಕಡೆ ಬೆಳಕು ಜಾಸ್ತಿಯೋ ಆ ಕಡೆ ಹೊರಡುತ್ತೆ. ಕತ್ತಲೆ ದಡದಲ್ಲಿ ಆ ಬೆಳಕು ಕಡಲಿನದು, ನಕ್ಷತ್ರ ಚಂದ್ರನ ಬೆಳಕು ನೀರಿನ ಮೇಲೆ ಬಿದ್ದದ್ದು. ದಡದಲ್ಲಿ ರೆಸಾರ್ಟ್ ದೀಪ ಇದ್ದರೆ ಮರಿ ಊರಿನ ಕಡೆ ತಿರುಗುತ್ತೆ. ರಸ್ತೆ, ನಾಯಿ, ಕಾಗೆ. ಬೆಳಗಾದ ಮೇಲೆ ಬಿಸಿಲು. ಸಂಜೆ ಮರಳಿನ ಮೇಲೆ ಆ ಪುಟ್ಟ ರೆಕ್ಕೆಗಾಲಿನ ಗೆರೆ ನೋಡಿದವರಿಗೆ ಗೊತ್ತು, ಅದು ಎಷ್ಟು ನೇರವಾಗಿ ಹೋಗುತ್ತೆ ಅಂತ. ದೀಪ ಇರುವ ಕಡೆ ಅದೇ ಗೆರೆ ಸುರುಳಿ ಸುರುಳಿಯಾಗಿರುತ್ತೆ.

ಫ್ಲೋರಿಡಾ ಕರಾವಳಿಯಲ್ಲಿ ದಡಕ್ಕೆ ಕಾಣುವ ದೀಪ ತಗ್ಗಿನಲ್ಲಿರಬೇಕು, ಮರೆ ಇರಬೇಕು, 560 ನ್ಯಾನೋಮೀಟರ್‌ಗಿಂತ ಉದ್ದ ಅಲೆಯ ಕಿತ್ತಳೆ ಕೆಂಪು ಬಣ್ಣದ್ದಾಗಿರಬೇಕು ಅಂತ ನಿಯಮ ಮಾಡಿದ್ದಾರೆ. ನಮ್ಮಲ್ಲೂ ಗೂಡಿನ ತಿಂಗಳುಗಳಲ್ಲಿ ಅಷ್ಟಾದರೂ ಆಗಬೇಕು.

ಮಲೆನಾಡ ಮಳೆ

ಶಿರಸಿ ಕಡೆಯವಳು ನಾನು. ನಮ್ಮಲ್ಲಿ ಮುಂಗಾರು ಹಿಡಿಯುವ ಮೊದಲು, ಮೇ ಕೊನೆ ಜೂನ್ ಮೊದಲಲ್ಲಿ, ಮಿಣುಕುಹುಳಗಳ ಕಾಲ. ಅವುಗಳ ಮಿಣುಕು ಅಂದರೆ ಮಾತು. ಗಂಡು ಹಾರುತ್ತಾ ತನ್ನ ಜಾತಿಯ ತಾಳದಲ್ಲಿ ಮಿನುಗುತ್ತೆ, ಹುಲ್ಲು ಎಲೆಯ ಮೇಲೆ ಕೂತ ಹೆಣ್ಣು ತುಸು ತಡೆದು ಉತ್ತರ ಕೊಡುತ್ತೆ. ಅಂಗಳದಲ್ಲಿ ಫೋಕಸ್ ಲೈಟ್ ಉರಿಯುತ್ತಿದ್ದರೆ ಆ ಉತ್ತರ ಗಂಡಿಗೆ ಕಾಣುವುದೇ ಇಲ್ಲ. ಬೆಳೆದು ರೆಕ್ಕೆ ಬಂದ ಮೇಲೆ ಹುಳುವಿನ ಆಯುಷ್ಯ ಕೆಲವೇ ವಾರ. 'ಮಿಂಚುಹುಳ ನೋಡಲು ಬನ್ನಿ' ಅಂತ ಕರೆಯುವ ಹೋಮ್‌ಸ್ಟೇಗಳು ಅಷ್ಟು ದಿನವಾದರೂ ತೋಟದ ದೀಪ ಆರಿಸಲಿ ಅನ್ನುವುದು ನನ್ನ ಕಳಕಳಿ.

ಹುಳ ದೀಪಕ್ಕೆ ಯಾಕೆ ಸುತ್ತುತ್ತೆ ಅನ್ನುವುದಕ್ಕೆ 2024ರಲ್ಲಿ ಚೆಂದದ ಉತ್ತರ ಬಂತು. ವೇಗದ ಕ್ಯಾಮೆರಾದಲ್ಲಿ ಹಿಡಿದು ನೋಡಿದಾಗ, ಅವು ದೀಪದ ಕಡೆಗೆ ಹೋಗುತ್ತಿರಲಿಲ್ಲ, ದೀಪಕ್ಕೆ ಬೆನ್ನು ತಿರುಗಿಸುತ್ತಿದ್ದವು. ಕೋಟಿಗಟ್ಟಲೆ ವರ್ಷಗಳಿಂದ ರಾತ್ರಿಯೂ ಆಕಾಶವೇ ನೆಲಕ್ಕಿಂತ ಬೆಳಕು. ಬೆನ್ನು ಬೆಳಕಿನ ಕಡೆ ಇದ್ದರೆ ಹಾರಾಟ ನೆಟ್ಟಗಿರುತ್ತೆ. ಪಕ್ಕದಲ್ಲಿ ಬಲ್ಬ್ ಬಂದರೆ ಬೆನ್ನು ಅತ್ತ ವಾಲುತ್ತೆ, ಹಾರಾಟ ಬಾಗುತ್ತೆ, ಸುತ್ತು ಶುರು.

ಸ್ವಿಟ್ಜರ್ಲೆಂಡ್‌ನ ಹುಲ್ಲುಗಾವಲುಗಳಲ್ಲಿ ದೀಪ ಹಾಕಿ ನೋಡಿದಾಗ ರಾತ್ರಿ ಹೂವಿಗೆ ಬರುವ ಹುಳಗಳ ಭೇಟಿ ಶೇ 62ರಷ್ಟು ಇಳಿದಿತ್ತು (2017). ಹುಳ ಕಡಿಮೆಯಾದರೆ ಹಕ್ಕಿಗೂ ಬಾವಲಿಗೂ ಊಟ ಎಲ್ಲಿಂದ?

ಸಂಜೆ ವಾಕ್

ಇದೆಲ್ಲ ಓದಿ ಮನಸ್ಸು ಭಾರವಾಯಿತು. ಆದರೂ ನನ್ನ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿಲ್ಲ. ದೀಪ ಕಡಿಮೆಯಾದರೆ ಅಪರಾಧ ಹೆಚ್ಚುವುದಿಲ್ಲವೇ?

ದೀಪದ ಕೆಲಸ

ಮೇಡಂ, ಎರಡೂ ಥರದ ಅಧ್ಯಯನ ಇದೆ, ಎರಡನ್ನೂ ಹೇಳುತ್ತೇನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 62 ಸ್ಥಳೀಯ ಸಂಸ್ಥೆಗಳಲ್ಲಿ ದೀಪ ಆರಿಸಿದ, ಮಂದ ಮಾಡಿದ ರಸ್ತೆಗಳನ್ನು ನೋಡಿದಾಗ ಅಪರಾಧವಾಗಲಿ ಅಪಘಾತವಾಗಲಿ ಹೆಚ್ಚಾದದ್ದಕ್ಕೆ ಪುರಾವೆ ಸಿಗಲಿಲ್ಲ (2015). ನ್ಯೂಯಾರ್ಕ್‌ನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ 2016ರಲ್ಲಿ ಹೊಸ ದೀಪಗೋಪುರ ಇಟ್ಟಾಗ ರಾತ್ರಿ ಬಯಲಲ್ಲಿ ನಡೆಯುವ ಗಂಭೀರ ಅಪರಾಧ ಸುಮಾರು ಶೇ 36ರಷ್ಟು ಇಳಿಯಿತು. ಜಾಗದಿಂದ ಜಾಗಕ್ಕೆ ಬೇರೆ. ನೀವು ಹೇಳಿದಂಥ ತೂಬಿನ ಹತ್ತಿರದ ಕತ್ತಲಲ್ಲಿ ದೀಪ ಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಹೈಮಾಸ್ಟ್ ಅದನ್ನು ಕೊಡುವುದಿಲ್ಲ. ಕಣ್ಣು ಕುಕ್ಕುವ ದೀಪವನ್ನು ಎದುರಿಗೆ ನೋಡುತ್ತಾ ನಡೆದರೆ ಪಾಪೆ ಕಿರಿದಾಗುತ್ತೆ, ಮರದ ನೆರಳು ಇನ್ನೂ ಕಪ್ಪಾಗುತ್ತೆ. ಆ ನೆರಳಲ್ಲಿ ನಿಂತವನು ನಿಮಗೆ ಕಾಣುವುದಿಲ್ಲ, ನೀವು ಅವನಿಗೆ ಚೆನ್ನಾಗಿ ಕಾಣುತ್ತೀರಿ. ತಗ್ಗಿನ ಕಂಬ, ಸಮನಾದ ಮಂದ ಬೆಳಕು ಇದ್ದರೆ ಎದುರಿಗೆ ಬರುವವರ ಮುಖ ಹತ್ತು ಹೆಜ್ಜೆ ದೂರದಲ್ಲೇ ಗುರುತು ಸಿಗುತ್ತೆ.

ಸಂಜೆ ವಾಕ್

ಮುಖ ಕಾಣಬೇಕು. ನಿಜ, ನನಗೆ ಬೇಕಿರುವುದು ಅದೇ. ಹಾಗಾದರೆ ನಾನೂ ಈ ಕಡೆ. ತೂಬಿನಂಥ ಜಾಗದಲ್ಲಿ ಮಾತ್ರ ಕಂಬಗಳು ಹತ್ತಿರ ಹತ್ತಿರ ಇರಲಿ, ಅದಕ್ಕೆ ಯಾರೂ ಕತ್ತರಿ ಹಾಕಬಾರದು.

ಕೆರೆಯಂಗಳ

ಎಲ್ಲರಿಗೂ ತುಂಬಾ ಧನ್ಯವಾದ. ನಮ್ಮಲ್ಲೂ ತೂಬಿನ ಕಡೆ ಅದೇ ಕತ್ತಲು, ಆ ಮಾತು ಸೇರಿಸಿದ್ದೇನೆ ಅಕ್ಕಾ. ಸಭೆಗೆ ಬರೆದುಕೊಂಡ ಕರಡು ಇದು, ತಿದ್ದಿ:

'ನಡುಗಡ್ಡೆಯ ಮೇಲೆ, ನೀರಿನ ಮೇಲೆ ಯಾವ ದೀಪವೂ ಬೀಳಬಾರದು. ಹೈಮಾಸ್ಟ್ ಬದಲು ನಾಲ್ಕು ಮೀಟರ್ ಒಳಗಿನ ಕಂಬ, ಫುಲ್ ಕಟ್ಆಫ್ ಫಿಟ್ಟಿಂಗ್, ಕೆರೆ ಕಡೆ ಮರೆ, 2200 ಕೆಲ್ವಿನ್. ತೂಬಿನ ಬಳಿ ಕಂಬಗಳ ಅಂತರ ಕಡಿಮೆ. ಗೇಟು ಮುಚ್ಚುವ ರಾತ್ರಿ 9.30ಕ್ಕೆ ದೀಪ ಆರಬೇಕು, ಬೆಳಗ್ಗೆ 5ಕ್ಕೆ ಹತ್ತಬೇಕು.'

ದೀಪದ ಕೆಲಸ

ಚೆನ್ನಾಗಿದೆ. ಮೂರು ಮಾತು ಸೇರಿಸಿ. ಪೂರ್ತಿ ಕೆಲಸ ಕೊಡುವ ಮೊದಲು ಒಂದೇ ಒಂದು ಕಂಬ ನೆಟ್ಟು ರಾತ್ರಿ ತೋರಿಸಲು ಹೇಳಿ. ಆಚೆ ದಂಡೆಗೆ ಹೋಗಿ ನಿಂತು ನೋಡಿ: ನೆಲದ ಮೇಲಿನ ಬೆಳಕು ಕಾಣಬೇಕು, ದೀಪದ ಕಣ್ಣು ಕಾಣಬಾರದು. ಕಂಡರೆ ಮರೆ ಸಾಲದು, ವಾಪಸ್ ಕಳಿಸಿ.

ಟೆಂಡರ್‌ನಲ್ಲಿ 'ವಾರ್ಮ್ ವೈಟ್' ಅಂತ ಮಾತ್ರ ಬರೆಸಿದರೆ 4000ದ್ದನ್ನೂ ತಂದು ಹಾಕುವವರಿದ್ದಾರೆ. ಕೆಲ್ವಿನ್ ಅಂಕಿ ಬರೆಸಿ. ಇನ್ನು ಟೈಮರ್ ಪೆಟ್ಟಿಗೆಗೆ ಬೀಗ ಇರಲಿ, ಕೀಲಿ ಯಾರ ಹತ್ತಿರ ಅಂತಲೂ ಸಭೆಯಲ್ಲೇ ತೀರ್ಮಾನ ಮಾಡಿಕೊಳ್ಳಿ.